ಕಣ್ಣು ಬಿಟ್ಟ ಕಾಯಿ

ಬಳ್ಳಾರಿಯ ನಮ್ಮ ಬಡಾವಣೆಯ ಪಾರ್ಕಿನಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಸುತ್ತುತ್ತಾರೆ. ಮೊನ್ನೆ ನಾನು ಎದುರು ದಿಕ್ಕಿಗೆ ಹೊರಟೆ. ಮಫ್ಲರ್ ಸುತ್ತಿಕೊಂಡ ಹಿರಿಯರೊಬ್ಬರು ಕೈ ಅಡ್ಡ ಹಿಡಿದು, 'ಸರ್, ಆ ಕಡಿಂದ ಬರ್ರಿ. ಎಲ್ರೂ ಹಿಂಗ ಸುತ್ತೋದು' ಅಂದರು. ಪ್ರದಕ್ಷಿಣೆ ಹಾಕಲು ನಡುವೆ ದೇವರಾದರೂ ಇರಬೇಕಲ್ಲ? ಇದ್ದದ್ದು ನೀರು ಬಾರದ ಕಾರಂಜಿ. ಅಡವಿಯಲ್ಲಿ ನಡೆಯುವ ಸುಖ ಏನು ಅಂತ ಇವರಿಗೆಲ್ಲ ಒಂದ್ಸಲ ಸರಿಯಾಗಿ ಹೇಳಬೇಕು ಅನಿಸಿತು. ಹೇಳುತ್ತೇನೆ.

ನನ್ನ ಅಡವಿ ಅಂದರೆ ಸಂಡೂರಿನ ಗುಡ್ಡ. ಬಳ್ಳಾರಿ ಅಂದ ಕೂಡಲೇ ಬಿಸಿಲು, ಜಾಲಿ ಅಂತ ಮೂಗು ಮುರಿಯುವವರು ಮಳೆಗಾಲದಲ್ಲಿ ಕುಮಾರಸ್ವಾಮಿ ಗುಡಿಯ ಕಡೆ ಹೋಗಿ ಬರಲಿ. ಅದೇ ಗುಡ್ಡಸಾಲಿನ ಮೇಲಿರುವ ರಾಮನದುರ್ಗದ ತಂಪಿಗೆ ಬ್ರಿಟಿಷರು ಬಳ್ಳಾರಿ ದಂಡಿನ ಕಾಯಿಲೆ ಬಿದ್ದ ಸಿಪಾಯಿಗಳನ್ನು ಕಳಿಸುತ್ತಿದ್ದರು. 1934ರಲ್ಲಿ ಬಂದಿದ್ದ ಗಾಂಧೀಜಿ, ಸೆಪ್ಟೆಂಬರಿನಲ್ಲಿ ಸಂಡೂರು ನೋಡಿ ಅಂದರಂತೆ. ಅಜ್ಜಿಯ ಊರು ಗುಡ್ಡದ ಬುಡದಲ್ಲೇ. ನಾವ್ಯಾರೂ ಅಲ್ಲಿ ವಾಕಿಂಗಿಗೆ ಹೋದವರಲ್ಲ. ಕಟ್ಟಿಗೆಗೆ, ತಪ್ಪಿಸಿಕೊಂಡ ಆಡಿಗೆ, ಕವಳಿ ಹಣ್ಣಿಗೆ ಹೋಗುತ್ತಿದ್ದೆವು. ದಸರಾ ಹೊತ್ತಿಗೆ ಸೀತಾಫಲಕ್ಕೆ.

ಸೀತಾಫಲದ ಮಾತು ಬಂತಲ್ಲ, ಅದನ್ನು ಮುಗಿಸಿಬಿಡುತ್ತೇನೆ. ಅದರ ಎಲೆಗೆ ಆಡು ಬಾಯಿ ಹಾಕುವುದಿಲ್ಲ. ಹಾಗಾಗಿ ಕಲ್ಲುಗುಡ್ಡದಲ್ಲೂ ತನ್ನ ಪಾಡಿಗೆ ಬೆಳೆದಿರುತ್ತದೆ. ಕಾಯಿಯ ಉಬ್ಬುಗಳ ನಡುವಿನ ಗೆರೆ ಅಗಲವಾಗಿ ತಿಳಿ ಹಳದಿಗೆ ತಿರುಗಿದರೆ ಕಣ್ಣು ಬಿಟ್ಟಿದೆ ಅಂತ ಅರ್ಥ. ಅಂಥದ್ದನ್ನೇ ಕಿತ್ತು ತಂದು ಅಜ್ಜಿ ಜೋಳ ತುಂಬಿಡುವ ಗುಮ್ಮಿಯಲ್ಲಿ, ಅಂದರೆ ಕಣಜದಲ್ಲಿ, ಹಣ್ಣಾಗಲು ಹುಗಿಯಬೇಕು. ಗುಮ್ಮಿ ದುಂಡಗಿತ್ತು, ಆದರೂ ಮೊಮ್ಮಕ್ಕಳಿಗೆ ಒಬ್ಬೊಬ್ಬರಿಗೂ ಒಂದೊಂದು ಮೂಲೆ ಇತ್ತು. ಯಾರಿಗೂ ಯಾರ ಮೇಲೂ ನಂಬಿಕೆ ಇಲ್ಲ. ಹೊತ್ತುಗೊತ್ತಿಲ್ಲದೆ ಮೊಣಕೈವರೆಗೆ ಕೈ ತೂರಿಸಿ ಒತ್ತಿ ನೋಡುವುದೇ ಕೆಲಸ. ನಾನು ಜಾಣತನ ಮಾಡಿ ತೊಟ್ಟಿಗೆ ಕೆಂಪು ದಾರ ಕಟ್ಟಿದ್ದೆ. ಒಂದು ಬೆಳಗ್ಗೆ ಕೈ ಹಾಕಿದರೆ ದಾರ ಸಿಕ್ಕಿತು. ದಾರದ ತುದಿಗೆ ತೊಟ್ಟೂ ಇತ್ತು. ಹಣ್ಣಿಲ್ಲ. ಮಾಗಿದ ಸೀತಾಫಲ ತೊಟ್ಟು ಬಿಡುತ್ತದೆ, ಒಪ್ಪಿದೆ. ಆದರೆ ಬಿಟ್ಟ ಹಣ್ಣು ಎಲ್ಲಿ ಹೋಯಿತು?

ಅಜ್ಜಿ ಪಂಚಾಯಿತಿ ಕೂರಿಸಿ ಎಲ್ಲರ ಬಾಯಿ ಮೂಸಿದಳು. ಸೋದರಮಾವನನ್ನು ಮಾತ್ರ ಬಿಟ್ಟಳು. ಅವರಿಗೆ ಆಗಲೇ ಮೀಸೆ ಬಂದಿತ್ತು. ಸಂಜೆ ಕಸ ಗುಡಿಸುವಾಗ ಅವರ ಹೊರಸಿನ ಕೆಳಗೆ ಬೀಜ ಸಿಕ್ಕವು, ಕರ್ರಗೆ, ನುಣ್ಣಗೆ. 'ಇಲಿ ತಂದಿರ್ಬೇಕು' ಅಂದರು ಮಾವ. ಯಾವ ಇಲಿ ಬೀಜವನ್ನು ಚೀಪಿ ಒಂದೇ ಕಡೆ ಗುಡ್ಡೆ ಹಾಕುತ್ತದೆ? ಈಗಲೂ ಮದುವೆ ಮನೆಯಲ್ಲಿ ಸಿಕ್ಕರೆ ಕೇಳುತ್ತೇನೆ. ಈಗಲೂ ಇಲಿ ಅಂತಲೇ ಹೇಳುತ್ತಾರೆ, ಅದೂ ನಗದೆ.

ಆಮೇಲೆ ಅದಿರಿನ ಲಾರಿಗಳು ಬಂದವು. ರಸ್ತೆ ಬದಿಯ ಎಲೆಯೆಲ್ಲ ಕೆಂಪಾಯಿತು. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆಗೆ ತಡೆ ಹಾಕಿದಾಗ ಎಲೆಯ ನಿಜವಾದ ಬಣ್ಣ ಮತ್ತೆ ಕಂಡಿತ್ತು. ಈಗ ಮತ್ತೆ ಲಾರಿ, ಮತ್ತೆ ಧೂಳು. ಅಭಿವೃದ್ಧಿ ಬೇಡವಾ ಅಂತ ಕೇಳುವವರಿಗೆ ನಾನು ಉತ್ತರ ಕೊಡುವುದಿಲ್ಲ, ಮೊದಲು ಆ ರಸ್ತೆಯಲ್ಲಿ ಬೈಕಿನಲ್ಲಿ ಹೋಗಿ ಬನ್ನಿ ಅಂತೀನಿ. ಆದರೂ ಹೋಗುವುದು ಬಿಟ್ಟಿಲ್ಲ. ಲಾರಿ ಮುಟ್ಟದ ಕಡೆ ಕಾಲುದಾರಿ ಹಿಡಿಯುತ್ತೇನೆ. ಬಂದರಿ ಗಿಡ ಮೊಣಕಾಲಿಗೆ ಸವರಿ ಪ್ಯಾಂಟಿಗೆಲ್ಲ ಅಂಟಂಟು ವಾಸನೆ ಹತ್ತುತ್ತದೆ. ಜೊತೆಗೆ ಬಂದ ಮಗ, 'ಇನ್ನೂ ಎಷ್ಟು ದೂರಪ್ಪಾ?' ಅಂತ ಕೇಳುತ್ತಾನೆ. ಎಲ್ಲಿಗೆ ಅಂತ ನನಗೇ ಗೊತ್ತಿರುವುದಿಲ್ಲ. ಕಣ್ಣು ಸುಮ್ನೆ ಗಿಡದ ಮೇಲೆ, ಕಾಯಿ ಹುಡುಕುತ್ತಾ.

ಪೇಟೆಯ ಬಂಡಿಯವರು ಏನು ಮಾಡುತ್ತಾರೆ ಗೊತ್ತಾ? ಕಣ್ಣೇ ಬಿಡದ ಎಳೆಕಾಯಿ ಕಿತ್ತು ತಂದು ರಾಶಿ ಹಾಕುತ್ತಾರೆ. 'ನಾಳಿಗೆ ಹಣ್ಣಾಗ್ತಾವ, ತಗೋರಿ' ಅಂತಾರೆ. ಆಗುವುದಿಲ್ಲ. ಕಪ್ಪಗಾಗಿ ಕಲ್ಲಾಗುತ್ತವೆ. ಅದಕ್ಕೂ ಚೌಕಾಸಿ ಮಾಡಿದರೆ ಮುಖ ಸಿಂಡರಿಸುತ್ತಾರೆ.