ವಯಸ್ಸಾದರೆ ಸಾಕಾ?

ಹಳೆಯ ವಿಶ್ವವಿದ್ಯಾಲಯಗಳು ಮತ್ತು ಸಂಶೋಧನೆಯ ಬಗ್ಗೆ ಬಂದ ಲೇಖನ ಚೆನ್ನಾಗಿದೆ. ಆದರೆ ಅಲ್ಲಿ ಸಂಶೋಧನೆ ತಾನಾಗಿಯೇ ಬೆಳೆಯಿತು ಎಂಬ ಮಾತು ಒಪ್ಪಲಾಗಲಿಲ್ಲ. ಆಕ್ಸ್‌ಫರ್ಡ್‌ನಲ್ಲಿ ಪಾಠ ಶುರುವಾಗಿ ಎಂಟು ಶತಮಾನ ಕಳೆದ ಮೇಲೆ, 1917ರಲ್ಲಷ್ಟೇ ಡಿ.ಫಿಲ್. (ಅಲ್ಲಿನ ಪಿಎಚ್.ಡಿ.) ಪದವಿ ಬಂತು! ಪಾಠ ಹೇಳುವವರೇ ಹೊಸದನ್ನೂ ಹುಡುಕಬೇಕು ಅನ್ನೋ ಆಲೋಚನೆ ಗಟ್ಟಿಯಾಗಿದ್ದು 1810ರಲ್ಲಿ ಶುರುವಾದ ಬರ್ಲಿನ್ ವಿಶ್ವವಿದ್ಯಾಲಯದಲ್ಲಿ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ 1876ರಲ್ಲಿ ಅದೇ ದಾರಿ ಹಿಡಿಯಿತು.

ನಮ್ಮಲ್ಲಿ ಆದದ್ದೇ ಬೇರೆ. 1857ರ ಕಲ್ಕತ್ತ, ಬಾಂಬೆ, ಮದ್ರಾಸ್ ವಿಶ್ವವಿದ್ಯಾಲಯಗಳನ್ನು ಲಂಡನ್ನಿನದನ್ನು ನೋಡಿ ಮಾಡಿದ್ದು. ಮೊದಲಿಗೆ ಅವು ಪಾಠವನ್ನೇ ಹೇಳುತ್ತಿರಲಿಲ್ಲ. ಪರೀಕ್ಷೆ ನಡೆಸಿ ಪದವಿ ಕೊಡುತ್ತಿದ್ದವು, ಅಷ್ಟೇ. ಕಲ್ಕತ್ತದಲ್ಲಿ ಕುಲಪತಿ ಅಶುತೋಷ್ ಮುಖರ್ಜಿಯವರು ಸ್ನಾತಕೋತ್ತರ ವಿಭಾಗಗಳನ್ನು ಕಟ್ಟಿ, ಸಿ.ವಿ. ರಾಮನ್ ಅವರಂಥವರನ್ನು ಕರೆತರುವ ಹೊತ್ತಿಗೆ ಅರ್ಧ ಶತಮಾನ ದಾಟಿತ್ತು.

ಇನ್ನು ಮೈಸೂರು ವಿಶ್ವವಿದ್ಯಾಲಯದ ಹೆಸರೇ ಲೇಖನದಲ್ಲಿಲ್ಲ. ಚಿಕ್ಕಬಳ್ಳಾಪುರದ ನಮಗೆ ಇದು ಸ್ವಲ್ಪ ಜಾಸ್ತಿನೇ ಚುಚ್ಚುತ್ತದೆ. ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ನಾಲ್ವಡಿಯವರ ಆಳ್ವಿಕೆಯಲ್ಲಿ, 1916ರಲ್ಲಿ ಅದು ಶುರುವಾಯಿತು. ಅಲ್ಲಿಯವರೆಗೆ ಮಹಾರಾಜ ಕಾಲೇಜು, ಸೆಂಟ್ರಲ್ ಕಾಲೇಜು ಮದ್ರಾಸ್ ವಿಶ್ವವಿದ್ಯಾಲಯದ ಕೈಕೆಳಗಿದ್ದವು. ಸಂಸ್ಕೃತ ವಿದ್ವಾಂಸ ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿಗಳನ್ನು ಗುರುತಿಸಿದ ಓರಿಯಂಟಲ್ ಲೈಬ್ರರಿಯೂ ಇದರ ಭಾಗವಾಯಿತು. ಸಂಶೋಧನೆ ಅಂದ್ರೆ ಬರೀ ಲ್ಯಾಬ್ ಅಲ್ಲ, ಅಲ್ವಾ?

ಈಗ 2004ರಲ್ಲಿ ತುಮಕೂರು ವಿಶ್ವವಿದ್ಯಾಲಯ, ನಮ್ಮ ಕಡೆಗೆ 2017ರಲ್ಲಿ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಬಂದಿವೆ. 'ಹೊಸದು, ಅಲ್ಲೇನಿದೆ' ಎಂದು ಸುಮ್ನೆ ಮೂಗು ಮುರಿಯುವವರೇ ಜಾಸ್ತಿ. ಅವುಗಳ ಹೆಗಲ ಮೇಲೂ ಅದೇ 1857ರ ಹೊರೆ ಇದೆ: ಹತ್ತಾರು ಕಾಲೇಜುಗಳ ಪರೀಕ್ಷೆ, ಫಲಿತಾಂಶ, ಅಂಕಪಟ್ಟಿ. ಲೇಖಕರು ಮುಂದಿನ ಸಲ ಇದರ ಬಗ್ಗೆ ಬರೆಯಲಿ.