ಮರೆತ ಪೊಲೀಸರೂ ಕೇಸ್ ಡೈರಿಯೂ

ಸಿನಿಮಾ ನೋಡುವಾಗ ರಿಮೋಟು ಯಾರ ಕೈಯಲ್ಲಿರಬೇಕೆಂಬ ವಿಷಯದಲ್ಲಿ ನಮ್ಮ ಮನೆಯಲ್ಲಿ ಇನ್ನೂ ಒಮ್ಮತ ಮೂಡಿಲ್ಲ. ಆ ಕಾರಣದಿಂದಲೇ ಮೊನ್ನೆ, 2013ರಲ್ಲಿ ತೆರೆಕಂಡ ಮಲಯಾಳದ ‘ಮುಂಬೈ ಪೊಲೀಸ್’ ಚಿತ್ರವನ್ನು ಬಹಳ ತಡವಾಗಿ ನೋಡಲು ಕುಳಿತಿದ್ದಾಗ, ಕಥೆ ಹಿಡಿತಕ್ಕೆ ಬರುವ ಹೊತ್ತಿಗೆ ಸರಿಯಾಗಿ ನಮ್ಮ ಚಿಕ್ಕಪ್ಪ ಅದನ್ನು ನಿಲ್ಲಿಸಿಬಿಟ್ಟರು. ಪೃಥ್ವಿರಾಜ್ ಅಭಿನಯಿಸಿದ ಎಸಿಪಿ ಆಂಟನಿ ಮೋಸೆಸ್ ಕೊಲೆಗಾರನನ್ನು ಕಂಡುಹಿಡಿದಿದ್ದಾನೆ; ಕಾರು ಓಡಿಸುತ್ತಲೇ ಮೇಲಧಿಕಾರಿಗೆ ಫೋನು ಮಾಡಿದ್ದಾನೆ; ಹೆಸರು ಬಾಯಿಂದ ಹೊರಬೀಳುವ ಮೊದಲೇ ಅಪಘಾತವಾಗಿ ನೆನಪು ಹಾರಿಹೋಗಿದೆ. ತಾನೇ ಬಿಡಿಸಿದ್ದ ಗಂಟನ್ನು ಅವನು ಮತ್ತೆ ಮೊದಲಿನಿಂದ ಬಿಡಿಸಬೇಕು. ನಾನು ಕುರ್ಚಿಯ ತುದಿಗೆ ಬಂದಿದ್ದೆ. ಚಿಕ್ಕಪ್ಪ ಪರದೆಯ ಮೇಲೆ ಸ್ತಬ್ಧನಾಗಿ ನಿಂತ ನಾಯಕನನ್ನೇ ದಿಟ್ಟಿಸಿ, “ಅಲ್ಲಪ್ಪಾ, ಇವನ ಕೇಸ್ ಡೈರಿ ಎಲ್ಲಿ?” ಎಂದು ಕೇಳಿದರು.

ಚಿಕ್ಕಪ್ಪ ಠಾಣೆಯ ರೈಟರ್ ಆಗಿದ್ದು ನಿವೃತ್ತರಾದವರು. ತನಿಖೆಯೆಂಬುದು ಪಿಸ್ತೂಲಿನಿಂದಲೂ ಬುದ್ಧಿಯಿಂದಲೂ ನಡೆಯುವುದಿಲ್ಲ, ಬಾಲ್‌ಪೆನ್ನಿನಿಂದ ನಡೆಯುತ್ತದೆ ಎಂಬುದು ಅವರ ದೃಢವಾದ ನಂಬಿಕೆ. ಮಹಜರಿನ ಹಾಳೆಗಳ ನಡುವೆ ಕಾರ್ಬನ್ ಇಟ್ಟು, ಕೊನೆಯ ಪ್ರತಿಯಲ್ಲೂ ಅಕ್ಷರ ಮೂಡುವಂತೆ ಒತ್ತಿ ಒತ್ತಿ ಬರೆದ ಅವರ ನಡುಬೆರಳಿನ ಪಕ್ಕದಲ್ಲಿ ಈಗಲೂ ಹುಣಸೆಬೀಜದಂತಹ ಒಂದು ಗಂಟಿದೆ. ಅಂತಹವರ ಪ್ರಶ್ನೆಯನ್ನು ಸುಲಭವಾಗಿ ತಳ್ಳಿಹಾಕಲಾಗದು. ದಂಡ ಪ್ರಕ್ರಿಯಾ ಸಂಹಿತೆಯ 172ನೇ ಕಲಮು, ಅಂದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 192ನೇ ಕಲಮು ಹೇಳುವುದೂ ಅದನ್ನೇ: ತನಿಖಾಧಿಕಾರಿಯು ಮಾಹಿತಿ ತಲುಪಿದ ವೇಳೆ, ತನಿಖೆ ಆರಂಭಿಸಿ ಮುಗಿಸಿದ ವೇಳೆ, ಹೋದ ಸ್ಥಳಗಳು, ಕಂಡುಬಂದ ಸಂಗತಿಗಳು, ಇವೆಲ್ಲವನ್ನೂ ದಿನದಿನವೂ ಡೈರಿಯಲ್ಲಿ ಬರೆಯತಕ್ಕದ್ದು. ಕಾರಿನಲ್ಲಿ ಕುಳಿತಾಗ ಹೊಳೆದದ್ದನ್ನು ಬರೆಯಲು ಆಂಟನಿ ಮೋಸೆಸನಿಗೆ ಸಮಯ ಸಿಗಲಿಲ್ಲವೆಂದೇ ಒಪ್ಪಿಕೊಳ್ಳೋಣ. ಹಿಂದಿನ ದಿನದವರೆಗಿನ ಪುಟಗಳು ಎಲ್ಲಿಗೆ ಹೋದವು? ಅವನ್ನು ತೆರೆದಿದ್ದರೆ ಅರ್ಧ ಸಿನಿಮಾ ಉಳಿಯುತ್ತಿತ್ತು, ಅರ್ಥಾತ್ ಅರ್ಧ ಸಿನಿಮಾ ಇರುತ್ತಲೇ ಇರಲಿಲ್ಲ.

ಈ ಮಾದರಿಯ ಕಥೆಗಳಲ್ಲಿ ಅತ್ಯಂತ ಪ್ರಾಮಾಣಿಕವಾದದ್ದು 2000ದಲ್ಲಿ ಬಂದ ‘ಮೆಮೆಂಟೊ’ ಎಂಬುದು ನನ್ನ ಅಭಿಪ್ರಾಯ. ಹೊಸ ನೆನಪು ನಿಲ್ಲದ ಅದರ ನಾಯಕ ಪೊಲೀಸನಲ್ಲ, ವಿಮಾ ಕಂಪನಿಗಾಗಿ ಕ್ಲೇಮುಗಳ ಸತ್ಯಾಸತ್ಯತೆಯನ್ನು ಪರೀಕ್ಷಿಸುತ್ತಿದ್ದವನು. ಆದರೂ ಅವನು ಕೇಸ್ ಡೈರಿಯ ಅಗತ್ಯವನ್ನು ಮನಗಂಡು, ಮುಖ್ಯಾಂಶಗಳನ್ನು ಮೈಮೇಲೆಯೇ ಹಚ್ಚೆ ಹಾಕಿಸಿಕೊಂಡಿದ್ದಾನೆ. ಚಿಕ್ಕಪ್ಪ ಅದನ್ನೂ ಒಪ್ಪಲಿಲ್ಲ. ಡೈರಿ ಸಂಪುಟದ ರೂಪದಲ್ಲಿದ್ದು ಕ್ರಮವಾಗಿ ಪುಟಸಂಖ್ಯೆ ಹೊಂದಿರಬೇಕೆಂದು ಕಾನೂನಿದೆಯಂತೆ, ಅದು ನಿಜವೂ ಹೌದು.

ನನ್ನ ತಕರಾರು ಬೇರೆ. ಸಿನಿಮಾದ ಮರೆವು ಅನುಕೂಲಶಾಸ್ತ್ರವನ್ನು ಚೆನ್ನಾಗಿ ಬಲ್ಲದು. ತಲೆಗೆ ಪೆಟ್ಟು ಬಿದ್ದೊಡನೆ ನಾಯಕ ತನ್ನ ಹೆಸರನ್ನು ಮರೆಯುತ್ತಾನೆ, ಆದರೆ ಆಸ್ಪತ್ರೆಯಿಂದ ಹೊರಬಂದ ಮರುದಿನದಿಂದ ನಡೆದದ್ದೆಲ್ಲವನ್ನೂ ಕಂಠಪಾಠ ಮಾಡಿದವನಂತೆ ನೆನಪಿಡುತ್ತಾನೆ. ವೈದ್ಯವಿಜ್ಞಾನ ಅತ್ಯಂತ ವಿವರವಾಗಿ ಅಭ್ಯಸಿಸಿದ ಮರೆವಿನ ರೋಗಿ ಹೆನ್ರಿ ಮೊಲೈಸನ್. ಮೂರ್ಛೆರೋಗ ಕಡಿಮೆಯಾಗಲೆಂದು 1953ರಲ್ಲಿ ಅಮೆರಿಕದ ಹಾರ್ಟ್‌ಫರ್ಡಿನಲ್ಲಿ ಆತನ ಮೆದುಳಿನ ಎರಡೂ ಬದಿಯ, ನೆನಪನ್ನು ಕೂಡಿಡಲು ನೆರವಾಗುವ ಹಿಪೊಕ್ಯಾಂಪಸ್ಸಿನ ಬಹುಭಾಗವನ್ನು ತೆಗೆದುಹಾಕಿದರು. ಆತನಿಗೆ ತನ್ನ ಹೆಸರು ಗೊತ್ತಿತ್ತು, ಬಾಲ್ಯ ನೆನಪಿತ್ತು. ಹೊಸದಾಗಿ ಏನೂ ಉಳಿಯುತ್ತಿರಲಿಲ್ಲ. ದಶಕಗಳ ಕಾಲ ಪರೀಕ್ಷಿಸಿದ ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಪ್ರತಿ ಸಲವೂ ಆತನಿಗೆ ಅಪರಿಚಿತೆ. ಕನ್ನಡಿಯಲ್ಲಿ ಮಾತ್ರ ನೋಡುತ್ತ ನಕ್ಷತ್ರದ ಆಕೃತಿಯನ್ನು ತಿದ್ದುವ ಕೆಲಸದಲ್ಲಿ ಆತನ ಕೈ ದಿನದಿಂದ ದಿನಕ್ಕೆ ಪಳಗುತ್ತಿತ್ತು, ಆದರೆ ಹಿಂದೆ ಅದನ್ನು ಮಾಡಿದ್ದೇನೆಂಬುದೇ ಆತನಿಗೆ ತಿಳಿಯುತ್ತಿರಲಿಲ್ಲ. ಹೀಗಾಗಿ ನೆನಪು ಹೋದ ಪೊಲೀಸನ ಕೈಗೆ ಗುರಿ ಮಾತ್ರ ತಪ್ಪದಿರುವುದನ್ನು ನಾನು ಕ್ಷಮಿಸಬಲ್ಲೆ. ಉಳಿದದ್ದನ್ನಲ್ಲ.

ಈ ಅನುಕೂಲದ ಮರೆವು ಚಿತ್ರರಂಗದವರು ಕಂಡುಹಿಡಿದದ್ದೆಂದು ಭಾವಿಸಿ ಅವರನ್ನು ಬೈಯುವುದು ಅನ್ಯಾಯವಾದೀತು. ಕಾಳಿದಾಸನ ದುಷ್ಯಂತನಿದ್ದಾನಲ್ಲ. ಬಸವಪ್ಪ ಶಾಸ್ತ್ರಿಗಳು ಶಾಕುಂತಲವನ್ನು ಕನ್ನಡಿಸಿ ‘ಅಭಿನವ ಕಾಳಿದಾಸ’ರೆನಿಸಿಕೊಂಡ ಕಾಲದಿಂದಲೂ ನಾವು ಆ ನಾಟಕದ ಬೀಳ್ಕೊಡುಗೆಯ ಅಂಕಕ್ಕೆ ಕಣ್ಣೀರು ಸುರಿಸುತ್ತ ಬಂದಿದ್ದೇವೆ. ಆರನೆಯ ಅಂಕದ ಮೊದಲಿಗೆ ಬರುವ ಪೊಲೀಸರನ್ನು ಮಾತ್ರ ಯಾರೂ ತಕ್ಕಷ್ಟು ಗಮನಿಸಿಲ್ಲ. ನಗರರಕ್ಷಣೆಯ ಮುಖ್ಯಸ್ಥ ರಾಜನ ಭಾವಮೈದುನ. ಆ ನೇಮಕಾತಿ ಹೇಗೆ ನಡೆದಿರಬಹುದೆಂದು ವಿವರಿಸಬೇಕಾಗಿಲ್ಲ. ರಾಜಮುದ್ರೆಯ ಉಂಗುರವನ್ನು ಮಾರಲು ಹೊರಟ ಬೆಸ್ತನೊಬ್ಬನನ್ನು ಅವನ ಇಬ್ಬರು ಕಾವಲಿನವರು ಕೈಕಟ್ಟಿ ಎಳೆದುತರುತ್ತಾರೆ. ವಿಚಾರಣೆಗಿಂತ ಮೊದಲು ಹೊಡೆತ, ಆಮೇಲೆ ಅವನ ಕಸುಬಿನ ಬಗ್ಗೆ ಅಪಹಾಸ್ಯ. ಯಜ್ಞದಲ್ಲಿ ಪಶುವನ್ನು ಕೊಲ್ಲುವ ಶ್ರೋತ್ರಿಯನೂ ಕರುಣೆಯುಳ್ಳವನೇ ಅಲ್ಲವೇ ಎಂದು ಬೆಸ್ತ ಕೊಡುವ ಉತ್ತರಕ್ಕೆ ಮೂವರಲ್ಲಿ ಒಬ್ಬನ ಬಳಿಯೂ ಮರುಮಾತಿಲ್ಲ. ಮೀನಿನ ಹೊಟ್ಟೆಯಲ್ಲಿ ಉಂಗುರ ಸಿಕ್ಕಿತೆಂದು ಅವನು ಹೇಳಿದ್ದಕ್ಕೆ ಮುಖ್ಯಸ್ಥ ಕಂಡುಕೊಂಡ ಏಕೈಕ ವೈಜ್ಞಾನಿಕ ಪುರಾವೆಯೆಂದರೆ, ಇವನ ಮೈ ಹಸಿ ವಾಸನೆ ಹೊಡೆಯುತ್ತಿದೆ, ಆದ್ದರಿಂದ ಇವನು ಬೆಸ್ತನೇ ಇರಬೇಕು ಎಂಬುದು. ಅವನು ಅರಮನೆಯ ಒಳಗೆ ಹೋಗಿ ಬರುವವರೆಗೆ ಕಾವಲಿನವರಿಗೆ ಬಂದಿಯ ಕೊರಳಿಗೆ ವಧೆಯ ಹೂಮಾಲೆ ಕಟ್ಟಲು ಕೈ ತುರಿಸುತ್ತಿರುತ್ತದೆ.

ಒಳಗಿನಿಂದ ಬಂದ ಮುಖ್ಯಸ್ಥ ಬೆಸ್ತನನ್ನು ಬಿಡಿಸಿ, ಉಂಗುರದ ಬೆಲೆಯಷ್ಟೇ ಹಣವನ್ನು ರಾಜನ ಬಹುಮಾನವೆಂದು ಕೊಡುತ್ತಾನೆ. ಉಂಗುರವನ್ನು ನೋಡಿದೊಡನೆ ಸ್ವಭಾವತಃ ಗಂಭೀರನಾದ ರಾಜನಿಗೂ ಯಾರೋ ಪ್ರೀತಿಪಾತ್ರರು ನೆನಪಾಗಿ ಕ್ಷಣಕಾಲ ಕಣ್ಣು ತುಂಬಿತು ಎಂದೂ ವರದಿ ಮಾಡುತ್ತಾನೆ. ಗಮನಿಸಿ: ಇಡೀ ಸಾಮ್ರಾಜ್ಯದ ಅತಿ ದೊಡ್ಡ ಪ್ರಕರಣದ ಸುಳಿವು ಅವನ ಕಣ್ಣೆದುರೇ ಬಿಚ್ಚಿಕೊಂಡಿದೆ. ಯಾರು ಆ ವ್ಯಕ್ತಿ, ಈಗೆಲ್ಲಿದ್ದಾರೆ, ರಾಜಮುದ್ರೆ ನೀರಿಗೆ ಬಿದ್ದದ್ದು ಹೇಗೆ ಎಂಬ ಒಂದು ಪ್ರಶ್ನೆಯೂ ಅವನಿಗೆ ಹೊಳೆಯುವುದಿಲ್ಲ. ಕಾವಲಿನವನ ಕಣ್ಣಿನಲ್ಲಿ ಹೊಟ್ಟೆಕಿಚ್ಚನ್ನು ಕಂಡ ಬೆಸ್ತ ಅರ್ಧ ಹಣವನ್ನು ‘ಹೂವಿನ ಖರ್ಚಿಗೆ’ ಎಂದು ಕೊಡುತ್ತಾನೆ. ಅಷ್ಟು ಹೊತ್ತು ಕಳ್ಳನಾಗಿದ್ದವನು ಒಡನೆಯೇ ಪ್ರಿಯಮಿತ್ರನಾಗುತ್ತಾನೆ, ಸ್ನೇಹಕ್ಕೆ ಮದ್ಯವೇ ಸಾಕ್ಷಿಯಾಗಲೆಂದು ಎಲ್ಲರೂ ಕೂಡಿ ಹೆಂಡದಂಗಡಿಯ ಹಾದಿ ಹಿಡಿಯುತ್ತಾರೆ. ಪ್ರಕರಣ ಮುಕ್ತಾಯ. ನಮ್ಮ ಎಲ್ಲ ತನಿಖಾ ಸಿನಿಮಾಗಳನ್ನೂ ಒಟ್ಟಾಗಿ ಹಿಂಡಿದರೂ ಪೊಲೀಸರ ಬಗ್ಗೆ ಇಷ್ಟು ಖಚಿತವಾದ ಮಾಹಿತಿ ಸಿಗಲಾರದು.

ಆದರೆ ಕಾಳಿದಾಸನೂ ನಾಯಕನಿಗೆ ಜಾಮೀನು ಕೊಡಿಸಿದವನೇ. ಮಹಾಭಾರತದ ಆದಿಪರ್ವದಲ್ಲಿ ದೂರ್ವಾಸನ ಶಾಪವೂ ಇಲ್ಲ, ಉಂಗುರ ನುಂಗಿದ ಮೀನೂ ಇಲ್ಲ. ಅಲ್ಲಿಯ ದುಷ್ಯಂತನಿಗೆ ಎಲ್ಲವೂ ನೆನಪಿದೆ. ನೆನಪಿದ್ದೂ ತುಂಬಿದ ಸಭೆಯಲ್ಲಿ ‘ನೆನಪಿಲ್ಲ’ ಎನ್ನುತ್ತಾನೆ. ಈ ಎರಡು ಮರೆವುಗಳಲ್ಲಿ ನನಗೆ ಎರಡನೆಯದೇ ಹೆಚ್ಚು ರೋಚಕವಾಗಿ ಕಾಣುತ್ತದೆ, ಮತ್ತು ನಮ್ಮ ಕಾನೂನು ರೂಪಿಸಿದವರಿಗೂ ಹಾಗೆಯೇ ಕಂಡಿರಬೇಕು. ಚಿಕ್ಕಪ್ಪನೇ ತೋರಿಸಿಕೊಟ್ಟಂತೆ, ಕೇಸ್ ಡೈರಿಯನ್ನು ನೋಡಲು ಕೇಳುವ ಹಕ್ಕು ಸಾಮಾನ್ಯವಾಗಿ ಆರೋಪಿಯ ವಕೀಲರಿಗಿಲ್ಲ. ಅಧಿಕಾರಿಯು ನ್ಯಾಯಾಲಯದಲ್ಲಿ ತನ್ನ ನೆನಪನ್ನು ಹಸಿರುಗೊಳಿಸಿಕೊಳ್ಳಲು ಅದನ್ನು ತೆರೆದನೋ, ಆ ಭಾಗವನ್ನು ನೋಡಿ ಪಾಟೀಸವಾಲು ಮಾಡುವ ಅವಕಾಶ ಅವರಿಗೂ ದೊರೆಯುತ್ತದೆ. ಆದ್ದರಿಂದ ಅನುಭವಿಗಳು ಡೈರಿಯನ್ನು ಕಂಕುಳಲ್ಲೇ ಇಟ್ಟುಕೊಂಡು, ನ್ಯಾಯಾಧೀಶರನ್ನು ನೋಡುತ್ತ, ಆ ಸಂಗತಿ ತಮಗೆ ಸರಿಯಾಗಿ ನೆನಪಿಲ್ಲವೆಂದು ವಿನಯದಿಂದ ಹೇಳಿ ಕಟಕಟೆಯಿಂದ ಇಳಿದುಬರುತ್ತಾರೆ. ಇದಕ್ಕೆ ಕಾರು ಪಲ್ಟಿಯಾಗಬೇಕಿಲ್ಲ, ತಲೆಗೆ ಬ್ಯಾಂಡೇಜೂ ಬೇಕಿಲ್ಲ. ಬಹುಶಃ ಖರ್ಚು ಕಡಿಮೆಯೆಂಬ ಕಾರಣಕ್ಕೇ ಯಾವ ನಿರ್ಮಾಪಕನೂ ಇದನ್ನು ಸಿನಿಮಾ ಮಾಡಲು ಮುಂದೆ ಬಂದಿಲ್ಲ.