ಡಬ್ಬದ ಮೇಲಿನ ಸಾವಿರ ವ್ಯಾಟ್
ಡಬ್ಬದ ಮೇಲೆ ವ್ಯಾಟ್ ಜಾಸ್ತಿ ಬರೆದಿರುವ ಸ್ಟೀರಿಯೋ ಸೆಟ್ ಹಾಕಿಸಿದರೆ ಪಿಕಪ್ ಗಾಡಿಯಲ್ಲಿ ಸೌಂಡೂ ಜಾಸ್ತಿ ಎನ್ನುವ ಮೆಸೇಜ್ ಮತ್ತೆ ಮತ್ತೆ ಬರುತ್ತದೆ. ಅದು ಸರಿಯಲ್ಲ. ಆ ದೊಡ್ಡ ಅಂಕಿ ಸಾಮಾನ್ಯವಾಗಿ ಪಿಎಂಪಿಒ, ಅಂದರೆ ಬರೀ ಒಂದು ಕ್ಷಣಕ್ಕೆ ಸಿಗಬಹುದಾದ ಪವರ್‌ನ ಲೆಕ್ಕ. ನೋಡಬೇಕಾದದ್ದು ಆರ್‌ಎಂಎಸ್, ಅಂದರೆ ಸೆಟ್ ಸತತವಾಗಿ ಕೊಡಬಲ್ಲ ಪವರ್.

ನೀವೇ ಲೆಕ್ಕ ಹಾಕಬಹುದು. ಸ್ಟೀರಿಯೋ ಹಿಂದಿನ ಫ್ಯೂಸ್ ನೋಡಿ. 10 ಆಂಪಿಯರ್ ಇದ್ದರೆ, ಎಂಜಿನ್ ಓಡುವಾಗ ಸಿಗುವ ಸುಮಾರು 14 ವೋಲ್ಟ್‌ನಿಂದ ಗುಣಿಸಿ, 140 ವ್ಯಾಟ್ ಆಯಿತು. ಅದರಲ್ಲಿ ಹೆಚ್ಚುಕಮ್ಮಿ ಅರ್ಧ ಬಿಸಿಯಾಗಿಯೇ ಹೋಗುತ್ತದೆ, ಉಳಿದದ್ದನ್ನು ನಾಲ್ಕು ಸ್ಪೀಕರ್‌ಗೆ ಹಂಚಿದರೆ ತಲಾ 17-18 ವ್ಯಾಟ್ ಅಷ್ಟೇ, ಡಬ್ಬದ ಮೇಲೆ 50×4 ಅಂತ ಇದ್ದರೂ. ಪುಟ್ಟ ಕ್ಯಾಬಿನ್‌ಗೆ ಅಷ್ಟು ಸಾಕು ಬಿಡಿ. ದುಡ್ಡು ಕಮ್ಮಿ ಇದ್ದರೆ ಸೆನ್ಸಿಟಿವಿಟಿ (ಅಷ್ಟೇ ಪವರ್‌ಗೆ ಎಷ್ಟು ಜೋರಾಗಿ ಕೇಳಿಸುತ್ತದೆ ಎನ್ನುವ ಅಳತೆ) ಜಾಸ್ತಿ ಇರುವ ಸ್ಪೀಕರ್ ಹುಡುಕಿ: ಅದು 3 ಡೆಸಿಬೆಲ್ ಹೆಚ್ಚಿದ್ದರೆ ಪವರ್ ದುಪ್ಪಟ್ಟು ಮಾಡಿದಷ್ಟೇ ಲಾಭ.